ಕಾಚಿಗೂಡದಲ್ಲಿ ಇಳಿದ ಮೇಲೆ

ರಾಯಚೂರಿನ ಡೆಮು ಗಾಡಿ ಕಾಚಿಗೂಡ ಮುಟ್ಟುವ ಹೊತ್ತಿಗೆ ಬೋಗಿಯೊಳಗೆ ಮೂರು ಭಾಷೆ ಕಲೆತುಹೋಗಿರುತ್ತವೆ. ಕೃಷ್ಣಾ, ಮಕ್ತಲ್ ತನಕ ಕನ್ನಡದ್ದೇ ಗದ್ದಲ. ಮಹಬೂಬ್‌ನಗರದಲ್ಲಿ ತೆಲುಗು ಹತ್ತುತ್ತದೆ, ಊರು ಸಮೀಪಿಸಿದಂತೆ ದಖನಿ ಉರ್ದು. ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿ.ಮೀ. ಹೊಸ ಹಳಿ ಮುಗಿದು ಈ ಗಾಡಿಗೆ ಹಸಿರು ನಿಶಾನೆ ಸಿಕ್ಕಿದ್ದು 2023ರ ಅಕ್ಟೋಬರ್ 1ರಂದು. ಅದಕ್ಕೂ ಒಂದು ವಾರ ಮುಂಚೆ, ಸೆಪ್ಟೆಂಬರ್ 24ಕ್ಕೆ, ಕಾಚಿಗೂಡ–ಯಶವಂತಪುರ ವಂದೇ ಭಾರತ್ ಶುರುವಾಗಿತ್ತು. ಬೆಂಗಳೂರು, ಮೈಸೂರಿನ ರಾತ್ರಿ ಗಾಡಿ ಮೊದಲಿನಿಂದಲೂ ಇದೆ. ಹೀಗಾಗಿ ಹೈದರಾಬಾದಿಗೆ ಓದಲು ಬರುವ ಕನ್ನಡದ ಹುಡುಗ ಹುಡುಗಿಯರು ಅನೇಕರು ಮೊದಲು ಕಣ್ಣೆತ್ತಿ ನೋಡುವುದು 1916ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ ಈ ಸ್ಟೇಷನ್ನಿನ ಗುಮ್ಮಟಗಳನ್ನು.

ನಾನು ಬಂದಾಗ ಈ ಹೊಸ ಗಾಡಿಗಳ ಸೌಕರ್ಯ ಇರಲಿಲ್ಲ. ಬಸ್ಸು ಇಮ್ಲಿಬನ್ ನಿಲ್ದಾಣದಲ್ಲಿ ಕೆಡವಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಡಬ್ಬಿ ಖಡಕ್ ರೊಟ್ಟಿ ಹೇರಿಕೊಂಡು ಆಟೋದಲ್ಲಿ ಕಾಚಿಗೂಡ ಚೌರಸ್ತಾಕ್ಕೆ ಬಂದೆ. ಎರಡು ವರ್ಷ ಎಂ.ಎ., ಆಮೇಲೆ ಆರು ವರ್ಷ ಪಿಎಚ್.ಡಿ. ಆ ಎಂಟು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ತಡವಾಗಿ ತಿಳಿದ ಸಂಗತಿ, ದಿನದ ಕೆಲಸವನ್ನು ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು. ಡಿಗ್ರಿ ಮುಗಿಯುವ ತನಕ ಆ ಪ್ರಶ್ನೆಯೇ ಏಳುವುದಿಲ್ಲ. ಗಂಟೆ ಹೊಡೆದರೆ ಕ್ಲಾಸು ಮುಗಿಯಿತು, ಪರೀಕ್ಷೆ ಬರೆದರೆ ಓದು ಮುಗಿಯಿತು. ಸ್ನಾತಕೋತ್ತರಕ್ಕೆ ಬಂದಮೇಲೆ, ಅದರಲ್ಲೂ ಸಂಶೋಧನೆಗೆ ಕೂತಮೇಲೆ, ಗಂಟೆ ಹೊಡೆಯುವವರು ಯಾರೂ ಇರುವುದಿಲ್ಲ. ಈ ಬರಹ ಹಾಗೆ ಹೊಸದಾಗಿ ಬಂದು ಇಳಿದವರಿಗೆ.

ಮೊದಲು ಕೋಣೆ

ಉಸ್ಮಾನಿಯಾದಲ್ಲಿ ಸೀಟು ಸಿಕ್ಕವರಿಗೆ ಕಾಚಿಗೂಡ ಅನುಕೂಲದ ಜಾಗ. ಎಂಎಂಟಿಎಸ್ ಲೋಕಲ್ ಹತ್ತಿದರೆ ವಿದ್ಯಾನಗರ, ಜಾಮಿಯಾ ಉಸ್ಮಾನಿಯಾ, ಮೂರನೆಯದೇ ಆರ್ಟ್ಸ್ ಕಾಲೇಜ್. ಟಿಕೆಟ್ ಅಗ್ಗ, ಆದರೆ ಈ ದಾರಿಯಲ್ಲಿ ಗಾಡಿಗಳ ನಡುವಿನ ಅಂತರ ಹೆಚ್ಚು. ಒಂದು ತಪ್ಪಿದರೆ ಇನ್ನೊಂದಕ್ಕೆ ಕಾಯುವ ಬದಲು ಬಸ್ಸು ಹಿಡಿಯುವುದೇ ಲೇಸು. ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಜಾಮಿಯಾ ಉಸ್ಮಾನಿಯಾ ಸ್ಟೇಷನ್ನಿನ ಮಗ್ಗುಲಲ್ಲೇ. ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ತಾರ್ನಾಕದ ಹತ್ತಿರ, ಸಿಸಿಎಂಬಿ ಹಬ್ಸಿಗೂಡದಲ್ಲಿ. ಇವಿಷ್ಟಕ್ಕೂ ಕಾಚಿಗೂಡದಿಂದ ಓಡಾಡಬಹುದು.

ಗಚ್ಚಿಬೌಲಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದವರಿಗೆ ಮಾತ್ರ ನನ್ನ ಸಲಹೆ ಬೇರೆ. ಪರಿಚಯದವರು ಇದ್ದಾರೆ, ಕನ್ನಡ ಕಿವಿಗೆ ಬೀಳುತ್ತದೆ ಎಂದು ಕಾಚಿಗೂಡದಲ್ಲಿ ಕೋಣೆ ಮಾಡಬೇಡಿ. ನಗರದ ಈ ತುದಿಯಿಂದ ಆ ತುದಿಗೆ ದಿನಾ ಹೋಗಿಬರುವುದರಲ್ಲೇ ಮೂರು ತಾಸು ಕರಗುತ್ತವೆ. ಹಾಸ್ಟೆಲ್ ಸಿಗುವ ತನಕ ಆ ಕಡೆಯೇ ಪೀಜಿ ಹುಡುಕಿ. ಇನ್ನೊಂದು ಮಾತು: ಈ ಊರಲ್ಲಿ ಲಿಂಗಂಪಲ್ಲಿ ಎರಡಿವೆ. ಒಂದು ಕಾಚಿಗೂಡ ಚೌರಸ್ತಾದ ಪಕ್ಕದ ಬಡಾವಣೆ, ಇನ್ನೊಂದು ಗಚ್ಚಿಬೌಲಿ ಆಚೆಗಿನ ರೈಲ್ವೆ ಸ್ಟೇಷನ್. ನಡುವೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿದ ಅಂತರ. ನನ್ನ ಪಕ್ಕದ ಕೋಣೆಯವನು ಮೌಖಿಕ ಸಂದರ್ಶನದ ದಿನವೇ ಈ ಗೊಂದಲದಲ್ಲಿ ಸಿಕ್ಕಿಬಿದ್ದಿದ್ದ. ಆಟೋದವನು ಅಷ್ಟು ಕಡಿಮೆ ಬಾಡಿಗೆ ಹೇಳಿದಾಗಲೇ ಅನುಮಾನ ಬರಬೇಕಿತ್ತು.

ಟು-ಲೆಟ್ ಬೋರ್ಡು ನೋಡಿ ಒಳಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದಲ್ಲ, 'ಮಂಜೀರಾ ನೀರು ಬರ್ತದಾ?' ಎಂಬುದು. ನಳದಲ್ಲಿ ಬರುವ ಕುಡಿಯುವ ನೀರಿಗೆ ಹೈದರಾಬಾದಿನವರು ಇಟ್ಟ ಹೆಸರು ಅದು. ಬರುವುದು ಕೃಷ್ಣೆಯ ನೀರಾದರೂ ಗೋದಾವರಿಯದಾದರೂ ಬಾಯಲ್ಲಿ ಮಂಜೀರಾ. ನಮ್ಮ ಬೀದರ್ ಜಿಲ್ಲೆ ಹಾದು ಬರುವ ಹೊಳೆಯ ಹೆಸರು ಪರವೂರಿನ ನಳದಲ್ಲಿ ಕೇಳಿದಾಗ ನನಗೆ ವಿಚಿತ್ರ ಸಮಾಧಾನವಾಗಿತ್ತು. ಎರಡನೆಯ ಪ್ರಶ್ನೆ, ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತಾರೆ. ಹತ್ತಕ್ಕೆ ಹಾಕುವ ಮನೆಯಾದರೆ ಲೈಬ್ರರಿಯಿಂದ ಏಳುವ ಹೊತ್ತು ತಾನೇ ಗೊತ್ತಾಗುತ್ತದೆ. ಆಗ ನನಗದು ಶಿಕ್ಷೆಯಂತೆ ಕಂಡಿತ್ತು. ಅಡ್ವಾನ್ಸ್ ಕೊಟ್ಟದ್ದಕ್ಕೆ ಚೀಟಿ ಬರೆಸಿಕೊಳ್ಳಿ, ಕರಾರುಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಹೆಣ್ಣುಮಕ್ಕಳು ಗಮನಿಸಬೇಕಾದದ್ದೊಂದು ಇದೆ. ತೆಲಂಗಾಣದ ಸರ್ಕಾರಿ ಬಸ್ಸುಗಳಲ್ಲಿ 2023ರ ಡಿಸೆಂಬರ್ 9ರಿಂದ ಮಹಿಳೆಯರಿಗೆ ಪ್ರಯಾಣ ಉಚಿತ, ಆದರೆ ತೆಲಂಗಾಣದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಕರ್ನಾಟಕದ ಆಧಾರ್ ಇಟ್ಟುಕೊಂಡು ಕಂಡಕ್ಟರ್ ಜೊತೆ ವಾದಕ್ಕೆ ನಿಲ್ಲುವ ಬದಲು ಬಂದ ವಾರದಲ್ಲೇ ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಿ.

ಓದುವ ಜಾಗ ಮತ್ತು ಮಲಗುವ ಜಾಗ ಬೇರೆ ಇರಲಿ. ಒಂದೇ ಕೋಣೆಯಲ್ಲಿ ಇಬ್ಬರು ಮೂವರು ಇರುವಲ್ಲಿ ಮಂಚವೇ ಮೇಜಾಗುತ್ತದೆ, ಓದೂ ಆಗುವುದಿಲ್ಲ, ನಿದ್ದೆಯೂ ಆಗುವುದಿಲ್ಲ. ಕ್ಯಾಂಪಸ್ಸಿನ ಲೈಬ್ರರಿ ಇದ್ದೇ ಇದೆ. ರಜೆಯ ದಿನಕ್ಕೆ ಬಾಗ್‌ಲಿಂಗಂಪಲ್ಲಿಯ ಸುಂದರಯ್ಯ ವಿಜ್ಞಾನ ಕೇಂದ್ರ ನೋಡಿ. ಚಿಕ್ಕಡಪಲ್ಲಿಯ ಸಿಟಿ ಸೆಂಟ್ರಲ್ ಲೈಬ್ರರಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರಿಂದ ತುಂಬಿರುತ್ತದೆ, ಬೆಳಗ್ಗೆ ಬೇಗ ಹೋದರೆ ಕುರ್ಚಿ. ಇತಿಹಾಸ, ಸಾಹಿತ್ಯದವರು 1901ರಲ್ಲಿ ಶುರುವಾದ ಸುಲ್ತಾನ್ ಬಜಾರಿನ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವನ್ನೂ ಅಫ್ಜಲ್‌ಗಂಜಿನ ರಾಜ್ಯ ಕೇಂದ್ರ ಗ್ರಂಥಾಲಯವನ್ನೂ ಒಮ್ಮೆಯಾದರೂ ಹೊಕ್ಕು ಬರಬೇಕು.

ಇಂಗ್ಲಿಷಿನ ಅಂಜಿಕೆ

ಕನ್ನಡ ಮಾಧ್ಯಮದಿಂದ ಬಂದವರ ಮೊದಲ ಸೆಮಿಸ್ಟರ್ ಅರ್ಧ ಈ ಅಂಜಿಕೆಯಲ್ಲೇ ಹೋಗುತ್ತದೆ. ಸೆಮಿನಾರಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಆಗ ನಮ್ಮ ಹಿಂದಿನವರನ್ನು ನೆನೆಯಿರಿ. 1918ರಲ್ಲಿ ಉಸ್ಮಾನಿಯಾ ಹುಟ್ಟಿದ್ದು ಉರ್ದು ಮಾಧ್ಯಮದ ವಿಶ್ವವಿದ್ಯಾಲಯವಾಗಿ. ಅಲ್ಲಿನ ಅನುವಾದ ಶಾಖೆ ವಿಜ್ಞಾನ, ಕಾನೂನು, ಚರಿತ್ರೆಯ ಪುಸ್ತಕಗಳನ್ನೆಲ್ಲ ಉರ್ದುವಿಗೆ ತಂದಿತ್ತು. ಬೀದರ್, ಕಲಬುರಗಿ, ರಾಯಚೂರು 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆಯ ಕನ್ನಡದ ಹುಡುಗರು ಇಲ್ಲಿಗೆ ಬಂದು, ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ರಸಾಯನಶಾಸ್ತ್ರ ಓದಿದರು. ಮುಂದೆ ಕರ್ನಾಟಕದ ಮುಖ್ಯಮಂತ್ರಿಯಾದ ಚಿಂಚೋಳಿಯ ವೀರೇಂದ್ರ ಪಾಟೀಲರೂ ಉಸ್ಮಾನಿಯಾದಲ್ಲಿ ಓದಿದವರು.

ಅವರು ಏನು ಮಾಡಿದರೋ ನಾನೂ ಅದನ್ನೇ ಮಾಡಿದೆನೆಂದು ಹೇಳಲಾರೆ. ನಾನು ಮಾಡಿದ್ದು ಇಷ್ಟು: ಒಂದು ಸಣ್ಣ ವಹಿಯಲ್ಲಿ ಎಡಕ್ಕೆ ವಿಷಯದ ಇಂಗ್ಲಿಷ್ ಪದ, ಬಲಕ್ಕೆ ಅದರ ಅರ್ಥ ನನ್ನದೇ ಕನ್ನಡ ವಾಕ್ಯದಲ್ಲಿ. ನಿಘಂಟಿನ ಪದ ಬೇಡ, ಅವ್ವನಿಗೆ ಹೇಳಿದರೆ ಅವಳಿಗೆ ತಿಳಿಯಬೇಕು, ಅಂಥ ವಾಕ್ಯ. ಎರಡು ಸೆಮಿಸ್ಟರಿಗೆ ವಹಿ ತುಂಬಿತು. ಅಷ್ಟರಲ್ಲಿ ಅದರ ಅಗತ್ಯವೂ ತೀರಿತ್ತು.

ಬೀದಿಯಲ್ಲಿ ಕಷ್ಟವಿಲ್ಲ. ಕಲಬುರಗಿ, ಬೀದರಿನವರಿಗಂತೂ 'ನಕ್ಕೋ', 'ಹೌ', 'ಕೈಕು' ಮನೆಯಿಂದಲೇ ಬಂದಿರುತ್ತವೆ. ತೆಲುಗು ಮೂರು ತಿಂಗಳಲ್ಲಿ ಕಿವಿಗೆ ಕೂಡುತ್ತದೆ, ಅಕ್ಷರ ಹೇಗೂ ನಮ್ಮದರ ದಾಯಾದಿ. ಕನ್ನಡವೇ ಬೇಕೆನಿಸಿದ ಸಂಜೆಗೆ ಕಾಚಿಗೂಡದಲ್ಲೇ ಕರ್ನಾಟಕ ಸಾಹಿತ್ಯ ಮಂದಿರವಿದೆ. ಇಲ್ಲಿನ ಕನ್ನಡಿಗರು ಕಟ್ಟಿ ಬೆಳೆಸಿದ ನೃಪತುಂಗ ಶಾಲೆಯಿದೆ. ಉಸ್ಮಾನಿಯಾದಲ್ಲಿ ಕನ್ನಡ ವಿಭಾಗವೇ ಇದೆ, ನೀವು ಭೌತಶಾಸ್ತ್ರದವರಾದರೂ ಹೋಗಿ ಮಾತಾಡಿಸಿ ಬನ್ನಿ. ಹಿರಿಯರೊಬ್ಬರ ಪರಿಚಯ ಆಯಿತೆಂದರೆ ಮನೆ ಹುಡುಕುವುದರಿಂದ ಹಿಡಿದು ಜ್ವರ ಬಂದಾಗ ಗಂಜಿ ತನಕ ದಾರಿ ಆಗುತ್ತದೆ.

ಗುರಿ ಬರೆಯುವ ಪುಟ

ನನ್ನ ಹೊಸ ವಹಿಯ ಮೊದಲ ಪುಟ ಇನ್ನೂ ನೆನಪಿದೆ. ಬೆಳಗ್ಗೆ ನಾಲ್ಕಕ್ಕೆ ಏಳುವುದು, ದಿನಕ್ಕೆ ಹತ್ತು ತಾಸು ಓದು, ತಿಂಗಳಿಗೊಂದು ಲೇಖನ. ಹನ್ನೊಂದನೆಯ ದಿನ ಆ ಪುಟ ಹರಿದೆ.

ನಾನೊಬ್ಬನೇ ದಡ್ಡನಲ್ಲ ಎಂದು ಆಮೇಲೆ ತಿಳಿಯಿತು. ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದಾಗ ಸುಮಾರು 49. ನಿಜಕ್ಕೂ ಹಿಡಿದದ್ದು ಸುಮಾರು 55. ಅಂದರೆ ಅತಿ ಕೆಟ್ಟದ್ದನ್ನು ಊಹಿಸಿ ಹೇಳಿದ ಲೆಕ್ಕವನ್ನೂ ಕೆಲಸ ದಾಟಿಹೋಗಿತ್ತು. ಆದ್ದರಿಂದ ಮೇಲ್ವಿಚಾರಕರಿಗೆ 'ಹದಿನೈದು ದಿನದಲ್ಲಿ ಕೊಡ್ತೀನಿ ಸರ್' ಅನ್ನುವ ಮುಂಚೆ ಆ ಸಂಖ್ಯೆಗೆ ಅದರದೇ ಮುಕ್ಕಾಲು ಪಾಲು ಸೇರಿಸಿ. ಆಗ ಸಂಕೋಚ ಅನಿಸುತ್ತದೆ, ಕೊಟ್ಟ ದಿನಕ್ಕೆ ಕೊಟ್ಟಾಗ ಅನಿಸುವುದಿಲ್ಲ.

ನನಗೆ ಕೊನೆಗೂ ಒಗ್ಗಿದ ಕ್ರಮ ಸರಳವಾದದ್ದು. ಭಾನುವಾರ ಸಂಜೆ ಅರ್ಧ ತಾಸು, ಒಂದೇ ಪುಟ. ಈ ವಾರ ಆಗಲೇಬೇಕಾದ ದೊಡ್ಡ ಕೆಲಸ ಒಂದು, ಎರಡಿಲ್ಲ. ಅದರ ಕೆಳಗೆ ಸಣ್ಣವು ಎರಡು ಮೂರು. ಆಮೇಲೆ ಪ್ರತಿದಿನದ ಮುಂದೆ ಕೆಲಸ ನಿಲ್ಲಿಸುವ ಹೊತ್ತು: ಸೋಮವಾರ ರಾತ್ರಿ ಎಂಟೂವರೆ, ಮಂಗಳವಾರ ಆರು, ಹೀಗೆ. ಶುರುಮಾಡುವ ಹೊತ್ತನ್ನು ಎಲ್ಲರೂ ಬರೆಯುತ್ತಾರೆ. ನಿಲ್ಲಿಸುವ ಹೊತ್ತು ಬರೆದವನಿಗೆ ಮಧ್ಯಾಹ್ನ ಎರಡಕ್ಕೆ ಚಹಾದಂಗಡಿಯಲ್ಲಿ ಕೂತು ಹರಟುವಾಗಲೇ ಒಳಗೆ ಮುಳ್ಳು ಚುಚ್ಚುತ್ತದೆ, ಯಾಕೆಂದರೆ ರಾತ್ರಿ ಹನ್ನೆರಡರವರೆಗೆ ಎಳೆಯುವ ದಾರಿ ಮುಚ್ಚಿದೆ. ಪುಟದ ಕೊನೆಯಲ್ಲಿ ಓದಿಗೆ ಸಂಬಂಧವಿಲ್ಲದ ಒಂದು ಸಂಗತಿ, ಹೊತ್ತಿನ ಸಮೇತ, ಜೊತೆಯವರ ಹೆಸರಿನ ಸಮೇತ. 'ವ್ಯಾಯಾಮ ಮಾಡಬೇಕು' ಎಂದು ಬರೆದರೆ ಅದು ನಡೆಯುವುದಿಲ್ಲ. ಗುರುವಾರ ಬೆಳಗ್ಗೆ ಆರಕ್ಕೆ ಸುಂದರಯ್ಯ ಪಾರ್ಕಿನಲ್ಲಿ ನಿಮಗಾಗಿ ಕಾಯುವವರು ಒಬ್ಬರಿದ್ದರೆ ನಡೆಯುತ್ತದೆ.

ಎದ್ದು ಹೋಗುವ ಮುಂಚೆ ನಾಳೆಯ ಮೊದಲ ವಾಕ್ಯವನ್ನು ಅರ್ಧ ಬರೆದು ಬಿಟ್ಟುಬಿಡಿ. ಬೆಳಗ್ಗೆ ಖಾಲಿ ಪುಟದ ಮುಂದೆ ಕೂರುವ ಸಂಕಟ ಇರುವುದಿಲ್ಲ.

ಲ್ಯಾಬಿನವರಿಗೆ ಇದು ಹಾಗೇ ಹೊಂದುವುದಿಲ್ಲ, ಗೊತ್ತು. ಬೆಳೆಸಿದ ಜೀವಕೋಶಕ್ಕೆ ಭಾನುವಾರ ಅಂತ ಇಲ್ಲ, ಹೊತ್ತಿಗೆ ಸರಿಯಾಗಿ ಆಹಾರ ಬದಲಿಸದಿದ್ದರೆ ಸಾಯುತ್ತದೆ. ನನ್ನ ಗೆಳತಿಯೊಬ್ಬಳು ಮತ್ತು ಅವಳ ಪಕ್ಕದ ಬೆಂಚಿನವಳು ಪಾಳಿ ಮಾಡಿಕೊಂಡಿದ್ದರು. ಒಂದು ಭಾನುವಾರ ಇವಳು, ಇನ್ನೊಂದು ಅವಳು. ಭಾನುವಾರ ಹೋದವಳಿಗೆ ಬುಧವಾರ ಮಧ್ಯಾಹ್ನದಿಂದ ಬಿಡುವು. ಇದನ್ನು ಬಾಯಿಮಾತಿಗೆ ಬಿಡದೆ ಲ್ಯಾಬಿನ ಬೋರ್ಡಿನ ಮೇಲೆ ಬರೆದಿದ್ದರು. ಮೇಲ್ವಿಚಾರಕರು ಮೊದಲ ವಾರ ಹುಬ್ಬೇರಿಸಿದರಂತೆ, ಆಮೇಲೆ ಬೋರ್ಡು ನೋಡಿಯೇ ಕೆಲಸ ಹೇಳತೊಡಗಿದರಂತೆ.

ದೊಡ್ಡ ಗುರಿಗೆ ಗೂಟ ಬೇಕಾದರೆ ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯನ್ನೇ ಹಿಡಿಯಿರಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಕೋರ್ಸ್‌ವರ್ಕ್ 12ರಿಂದ 16 ಕ್ರೆಡಿಟ್. ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಎರಡು ವರ್ಷ ಹೆಚ್ಚುವರಿ. ಪ್ರತಿ ಸೆಮಿಸ್ಟರಿಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಎಲ್ಲಿಗೆ ಬಂದಿದ್ದೀರೆಂದು ಹೇಳಬೇಕು. ಎಲ್ಲರೂ ಹೆದರುವ ಆ ದಿನವೇ ನಿಮ್ಮ ಗೂಟ. ಮುಂದಿನ ಸಮಿತಿಗೆ ಏನು ತೋರಿಸುತ್ತೀರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿ.

ಮೇಲ್ವಿಚಾರಕರೊಂದಿಗೆ ಪ್ರತಿ ಭೇಟಿಯಾದ ಮೇಲೆ, ಅದೇ ದಿನ, ಮಾತಾಡಿದ್ದನ್ನು ನಾಲ್ಕು ಸಾಲು ಮೇಲ್ ಮಾಡಿ. 'ನೀವು ಹೇಳಿದಂತೆ ಇದನ್ನು ಮಾಡುತ್ತೇನೆ, ಇದನ್ನು ಕೈಬಿಡುತ್ತೇನೆ' ಎಂದು ವಿನಯದಿಂದಲೇ. ನನಗೆ ಈ ಬುದ್ಧಿ ಬರುವುದರೊಳಗೆ ಮೂರು ತಿಂಗಳ ಕೆಲಸ ನೀರಿಗೆ ಹೋಗಿತ್ತು. ಬೇಡವೆಂದು ಇಬ್ಬರೂ ಒಪ್ಪಿದ್ದ ಅಧ್ಯಾಯವನ್ನು ಅವರು ಮತ್ತೆ ಕೇಳಿದರು, ನನ್ನ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಅವರದು ಮೋಸವಲ್ಲ, ಮರೆವು. ಎಂಟು ಮಂದಿ ವಿದ್ಯಾರ್ಥಿಗಳಿರುವವರು ಯಾರದೆಂದು ನೆನಪಿಟ್ಟುಕೊಂಡಾರು?

ಊರು ಹತ್ತಿರ ಇರುವ ಕಷ್ಟ

ದೆಹಲಿಗೋ ಜರ್ಮನಿಗೋ ಹೋದವರಿಗೆ ಇಲ್ಲದ ಒಂದು ಸಮಸ್ಯೆ ಕಾಚಿಗೂಡದವರಿಗಿದೆ. ಸ್ಟೇಷನ್ ಮಗ್ಗುಲಲ್ಲೇ, ಊರಿನ ಗಾಡಿ ದಿನಾ. ಶುಕ್ರವಾರ ಮಧ್ಯಾಹ್ನವೇ ಕಾಲು ಆ ಕಡೆ ಎಳೆಯುತ್ತದೆ. ಮೊದಲ ಸೆಮಿಸ್ಟರಿನಲ್ಲಿ ನಾನು ಪ್ರತಿ ವಾರ ಹೋದೆ. ಸೋಮವಾರ ಬರುವುದು, ಮಂಗಳವಾರ ಆಯಾಸ, ಬುಧ ಗುರು ಎರಡೇ ದಿನ ಓದು. ವಿಭಾಗದ ಸಹಪಾಠಿಗಳೆಲ್ಲ ಶನಿವಾರ ಒಟ್ಟಿಗೆ ಕೂತು ಓದುತ್ತಿದ್ದರು; ನಾನು ಅವರಿಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿದ್ದಾಗ ಪುಸ್ತಕದ ಚಿಂತೆ, ಇಲ್ಲಿದ್ದಾಗ ಮನೆಯ ಚಿಂತೆ.

ಎರಡನೆಯ ಸೆಮಿಸ್ಟರಿನಲ್ಲಿ ಹಟ ಹಿಡಿದು ಹೋಗುವುದನ್ನೇ ಬಿಟ್ಟೆ. ಅದೂ ತಪ್ಪೇ ಆಯಿತು. ಅಪ್ಪನ ಮೊಣಕಾಲು ನೋವು ಎಷ್ಟು ಹೆಚ್ಚಿತ್ತೆಂದು ದೀಪಾವಳಿಗೆ ಹೋದಾಗಲೇ ಕಂಡದ್ದು.

ಆಮೇಲೆ ಮೂರು ವಾರಕ್ಕೊಮ್ಮೆ ಎಂದು ಗೊತ್ತುಮಾಡಿಕೊಂಡೆ. ಸೆಮಿಸ್ಟರಿನ ಶುರುವಿನಲ್ಲೇ ಆ ದಿನಾಂಕಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಅವ್ವನ ಕೈಯಿಂದಲೇ ಗುರುತು ಹಾಕಿಸಿದೆ. ಇದರ ಲಾಭ ನಾನು ಎಣಿಸದ ಕಡೆಯಿಂದ ಬಂತು. ಮದುವೆ, ಸೀಮಂತ, ಜಾತ್ರೆಗೆ ಕರೆ ಬಂದಾಗ ಇಲ್ಲವೆನ್ನುವ ಕೆಲಸ ನನಗೆ ಉಳಿಯಲಿಲ್ಲ. 'ಆ ವಾರ ಅಂವ ಬರಂಗಿಲ್ಲ, ಮುಂದಿನ ವಾರ ಬರ್ತಾನ' ಎಂದು ಅವ್ವನೇ ಹೇಳುತ್ತಿದ್ದಳು. ಊರಿಗೆ ಹೋದಾಗ ಪುಸ್ತಕ ಒಯ್ಯುತ್ತಿರಲಿಲ್ಲ. ಒಯ್ದದ್ದನ್ನು ಎಂದೂ ತೆರೆದಿರಲಿಲ್ಲ, ಭಾರವಷ್ಟೇ.

'ಇನ್ನೂ ಎಷ್ಟ್ ದಿನ ಓದತಿಯೋ ತಮ್ಮಾ?' ಎಂಬ ಪ್ರಶ್ನೆ ಮಾತ್ರ ಪ್ರತಿ ಸಲವೂ ಕಟ್ಟೆಯ ಮೇಲೆ ಕಾದಿರುತ್ತಿತ್ತು. ಸಂಶೋಧನೆಯೆಂದರೇನು ಎಂದು ವಿವರಿಸಲು ಹೋಗಿ ಸೋತವನು ನಾನು. ಕಡೆಗೆ ಕಂಡುಕೊಂಡ ಉತ್ತರ: 'ಸರ್ಕಾರ ಆರು ವರ್ಷ ಕೊಟ್ಟೈತಿ ಕಾಕಾ, ಎರಡು ಮುಗಿದಾವ.' ಅಂಕಿ ಕೇಳಿದರೆ ಜನ ಸುಮ್ಮನಾಗುತ್ತಾರೆ. ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ಮದುವೆಯ ರೂಪದಲ್ಲಿ ಬರುತ್ತದೆ, ಅಷ್ಟು ಸುಲಭಕ್ಕೆ ನಿಲ್ಲುವುದೂ ಇಲ್ಲ. ನಿಯಮಾವಳಿಯಲ್ಲಿ ಹೆರಿಗೆ ಮತ್ತು ಶಿಶುಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳವರೆಗೆ ರಜೆಯುಂಟು ಎಂಬುದನ್ನು ಮನೆಯವರಿಗೂ ವಿಭಾಗದವರಿಗೂ ಹೇಳಿಡುವುದು ಒಳ್ಳೆಯದು. ಮದುವೆಯಾದರೆ ಓದು ಮುಗಿಯಿತು ಎಂದುಕೊಂಡವರು ಎರಡೂ ಕಡೆ ಇದ್ದಾರೆ.

ದುಡ್ಡು, ರಜೆ, ನಿದ್ದೆ ಬಾರದ ರಾತ್ರಿ

ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಇದ್ದವರಿಗೆ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ ಎಸ್‌ಆರ್‌ಎಫ್ ಆದರೆ 42,000, ಮನೆಬಾಡಿಗೆ ಭತ್ಯೆ ಬೇರೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಜೆಆರ್‌ಎಫ್ ಇಲ್ಲದ ಪಿಎಚ್.ಡಿ.ಯವರಿಗೆ 8,000. ಮೊದಲನೆಯದರಲ್ಲಿ ಮನೆಗೂ ಕಳಿಸಬಹುದು, ಎರಡನೆಯದರಲ್ಲಿ ಕೋಣೆ, ಊಟಕ್ಕೇ ಬಿಗಿ. ಎರಡಕ್ಕೂ ಸಾಮಾನ್ಯವಾದದ್ದು ಒಂದುಂಟು: ತಿಂಗಳು ತಿಂಗಳು ಸರಿಯಾಗಿ ಬರುತ್ತದೆಂದು ನಂಬಿ ಕೂರುವಂತಿಲ್ಲ. ಹಾಜರಾತಿ ಪತ್ರ ವಿಭಾಗದಿಂದ ಕಚೇರಿಗೆ, ಕಚೇರಿಯಿಂದ ಪೋರ್ಟಲ್‌ಗೆ ಹೋಗಬೇಕು. ನಡುವೆ ಒಬ್ಬರು ರಜೆ ಹಾಕಿದರೂ ತಿಂಗಳು ದಾಟುತ್ತದೆ. ಮೂರು ತಿಂಗಳ ಬಾಡಿಗೆ, ಊಟದ ದುಡ್ಡು ಬ್ಯಾಂಕಿನಲ್ಲಿ ಸೇರುವ ತನಕ ಹೊಸ ಫೋನಿನ ಕಂತು ಬೇಡ.

ರಜೆಯ ವಿಷಯ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಯುಜಿಸಿಯ ಜೆಆರ್‌ಎಫ್ ಪಡೆಯುವವರಿಗೆ ಸಾರ್ವತ್ರಿಕ ರಜೆಗಳಲ್ಲದೆ ವರ್ಷಕ್ಕೆ 30 ದಿನ ರಜೆ ಇದೆ, ಬೇಸಗೆ ರಜೆ ಮಾತ್ರ ಇಲ್ಲ. ಅದನ್ನು ಬರೆದುಕೊಟ್ಟು ತೆಗೆದುಕೊಳ್ಳಿ. ಹೇಳದೆ ನಾಲ್ಕು ದಿನ ಮಾಯವಾಗುವುದಕ್ಕಿಂತ ಅರ್ಜಿ ಕೊಟ್ಟು ಹತ್ತು ದಿನ ಹೋಗುವುದರಲ್ಲಿ ಮರ್ಯಾದೆಯಿದೆ, ನಿದ್ದೆಯೂ ಇದೆ.

2018ರಲ್ಲಿ 26 ದೇಶಗಳ 2,279 ವಿದ್ಯಾರ್ಥಿಗಳನ್ನು, ಹೆಚ್ಚಿನವರು ಪಿಎಚ್.ಡಿ.ಯವರು, ಕೇಳಿ ನಡೆಸಿದ ಒಂದು ಸಮೀಕ್ಷೆ ಪ್ರಕಟವಾಯಿತು. ಅವರಲ್ಲಿ ಶೇ. 41 ಮಂದಿಗೆ ಮಧ್ಯಮದಿಂದ ತೀವ್ರ ಮಟ್ಟದ ಆತಂಕ. ನಮ್ಮ ಕಡೆ ಇದಕ್ಕೆ 'ಟೆನ್ಷನ್' ಎಂದು ಹೆಸರಿಟ್ಟು ಚಹಾ ಕುಡಿಸಿ ಕಳಿಸುತ್ತಾರೆ. ಎರಡು ವಾರ ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಯಾರ ಫೋನೂ ಎತ್ತಬೇಡ ಅನಿಸಿದರೆ ಚಹಾ ಸಾಲದು. 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಅದು, 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡಬಹುದು. ರ‍್ಯಾಗಿಂಗ್ ಆದರೆ 1800-180-5522. ಲೈಂಗಿಕ ಕಿರುಕುಳಕ್ಕೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಕಡ್ಡಾಯ. ಅದರಲ್ಲಿ ಯಾರಿದ್ದಾರೆಂದು ಏನೂ ಆಗದಿರುವಾಗಲೇ ತಿಳಿದುಕೊಂಡಿರಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತಿನಲ್ಲೇ ಒಂದು ಹೊತ್ತು ಕಳೆಯುವ ಚಟ ಎಲ್ಲರಿಗೂ ಹತ್ತುತ್ತದೆ, ಬಿಡಿಸಿಕೊಳ್ಳುವುದು ನಿಮಗೆ ಬಿಟ್ಟದ್ದು. ಸಂಜೆ ರಸ್ತೆಬದಿಯಲ್ಲಿ ಬಿಸಿ ಜೋಳದ ರೊಟ್ಟಿ ತಟ್ಟಿ ಮಾರುವ ಹೆಂಗಸರಿದ್ದಾರೆ. 'ಜೊನ್ನ ರೊಟ್ಟೆ' ಎಂದು ಕೇಳಿ, ಎರಡು ಕಟ್ಟಿಸಿಕೊಂಡು ಹೋಗಿ. ಉಳಿದದ್ದಕ್ಕೆ ಮನೆಯ ಡಬ್ಬಿ: ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಅವ್ವ ಡಬ್ಬಿಗೆ ಎಣಿಸಿ ತುಂಬುತ್ತಿದ್ದದ್ದು ನಲವತ್ತೆರಡು ರೊಟ್ಟಿ, ಮೂರು ವಾರಕ್ಕೆ, ದಿನಕ್ಕೆ ಎರಡು. ಕೋಣೆಯ ಗೆಳೆಯರು ಕೈಹಾಕಿದ ತಿಂಗಳು ಲೆಕ್ಕ ತಪ್ಪಿ ಹದಿನಾರನೆಯ ದಿನಕ್ಕೇ ಡಬ್ಬಿಯಲ್ಲಿ ಚೂರು ಮಾತ್ರ ಉಳಿದಿರುತ್ತಿತ್ತು. ಉಳಿದ ದಿನಗಳಿಗೆ ಮೆಸ್ಸಿನ ಅನ್ನ, ಪಪ್ಪು.